ಬೇಸಿಗೆಯಲ್ಲಿ ಬೆಟ್ಟದ ಹಳ್ಳದೊಳಗೆ ಒಂದು ಹಗಲು: ನಡಿಗೆಯನ್ನು ಮಧ್ಯಾಹ್ನದಿಂದ ಲೆಕ್ಕ ಹಾಕುವ ಕ್ರಮ

ತುಮಕೂರು ಜಿಲ್ಲೆಯ ಬೆಟ್ಟಗಳನ್ನು ಹತ್ತುವವರು ಬಹಳ ಮಂದಿ, ಆದರೆ ಅವೇ ಬೆಟ್ಟಗಳನ್ನು ಕೊರೆದುಕೊಂಡು ಇಳಿಯುವ ಹಳ್ಳಗಳ ಒಳಗೆ ನಡೆಯುವವರು ಕಡಿಮೆ. ದೇವರಾಯನದುರ್ಗದ ಗುಡ್ಡಸಾಲಿನಲ್ಲಿ ಹುಟ್ಟುವ ಜಯಮಂಗಲಿಯು ಉತ್ತರಕ್ಕೆ ಹರಿದು, ಕೊರಟಗೆರೆ ಮತ್ತು ಮಧುಗಿರಿಯ ಸೀಮೆಗಳನ್ನು ದಾಟಿ ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಅದೇ ಗುಡ್ಡಸಾಲಿನ ಇನ್ನೊಂದು ಮಗ್ಗುಲಿನ ನೀರು ಶಿಂಷಾ ನದಿಯಾಗಿ ದಕ್ಷಿಣಕ್ಕೆ ಹೋಗಿ ಕಾವೇರಿಯ ಪಾಲಾಗುತ್ತದೆ. ಇಂತಹ ನದಿಗಳ ತಲೆಗಟ್ಟಿನಲ್ಲಿರುವ ಕೊರಕಲುಗಳಲ್ಲಿ ಮಳೆಗಾಲದಲ್ಲಿ ಕಾಲಿಡುವುದು ಕಷ್ಟ. ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ನೀರು ಇಂಗಿ, ಗುಂಡುಬಂಡೆಗಳ ನಡುವೆ ದಾರಿ ತೆರೆದುಕೊಳ್ಳುತ್ತದೆ. ನಡೆಯಲು ಅನುವಾಗುವ ಆ ಕಾಲವೇ ಬಿಸಿಲು ಅತ್ಯಂತ ತೀವ್ರವಾಗಿರುವ ಕಾಲವೂ ಆಗಿರುವುದರಿಂದ, ಬೆನ್ನಿಗೆ ಚೀಲ ಹಾಕಿಕೊಂಡು ಬೇಸಿಗೆಯ ಹಳ್ಳವನ್ನು ಹೊಗುವವರು ತುದಿ ಎಲ್ಲಿ ಎಂದು ಕೇಳುವ ಮೊದಲು ಮಧ್ಯಾಹ್ನವನ್ನು ಎಲ್ಲಿ ಕಳೆಯುವುದು ಎಂದು ಕೇಳಿಕೊಳ್ಳಬೇಕು. ಈ ಬರಹದ ಉಳಿದೆಲ್ಲ ಸೂಚನೆಗಳೂ ಆ ಒಂದು ಪ್ರಶ್ನೆಯ ಸುತ್ತಲೇ ಇವೆ.

ಅದಕ್ಕೂ ಮುಂಚಿನ ಮಾತೊಂದಿದೆ. ಈ ಬೆಟ್ಟಗಳಲ್ಲಿ ಬಹುಪಾಲು ಮೀಸಲು ಅರಣ್ಯ. ಬೇಸಿಗೆಯು ಕಾಡ್ಗಿಚ್ಚಿನ ಕಾಲವಾದ್ದರಿಂದ ಅರಣ್ಯ ಇಲಾಖೆಯು ಪ್ರವೇಶವನ್ನು ನಿರ್ಬಂಧಿಸಿರುವ ಸಾಧ್ಯತೆ ಇರುತ್ತದೆ. ಆಯಾ ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ, ಅನುಮತಿ ದೊರೆತ ಕಡೆಗೆ ಮಾತ್ರ ಹೋಗಬೇಕು. ಅನುಮತಿ ಇದ್ದರೂ ಬೆಂಕಿ ಹೊತ್ತಿಸುವಂತಿಲ್ಲ. ಒಲೆಯಷ್ಟೇ ಅಲ್ಲ, ಬೀಡಿ ಸಿಗರೇಟುಗಳಿಗೂ ಈ ಮಾತು ಅನ್ವಯಿಸುತ್ತದೆ. ರಾತ್ರಿ ತಂಗುವ ವಿಚಾರವನ್ನು ಇಲ್ಲಿ ಎತ್ತಿಲ್ಲ. ಕರಡಿ ಮತ್ತು ಚಿರತೆಗಳಿರುವ ಈ ಕಾಡುಗಳಲ್ಲಿ ಹಗಲಿನ ನಡಿಗೆಯೇ ಸರಿಯಾದುದು.

ನೆತ್ತಿಯ ಸೂರ್ಯ ಮತ್ತು ಹಳ್ಳದ ದಿಕ್ಕು

ಎರಡೂ ಕಡೆ ಬಂಡೆಗೋಡೆ ಇರುವ ಕೊರಕಲಿನಲ್ಲಿ ಹೇಗೂ ನೆರಳು ಸಿಗುತ್ತದೆ ಎಂದು ಭಾವಿಸುವುದು ಸಹಜ. ನಮ್ಮ ಅಕ್ಷಾಂಶದಲ್ಲಿ ಬೇಸಿಗೆಯ ನಡುಹಗಲಿನಲ್ಲಿ ಅದು ನಿಜವಾಗುವುದಿಲ್ಲ. ತುಮಕೂರು, ಚಿಕ್ಕಬಳ್ಳಾಪುರ, ಕೋಲಾರ ಈ ಮೂರೂ ಊರುಗಳು ಸರಿಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವುದರಿಂದ ಏಪ್ರಿಲ್ ಕೊನೆಯ ವಾರದ ಹೊತ್ತಿಗೆ ಸೂರ್ಯನು ನೇರ ನೆತ್ತಿಯ ಮೇಲೆಯೇ ಹಾಯ್ದು ಹೋಗುತ್ತಾನೆ. ಆ ದಿನಗಳಲ್ಲಿ ನೆಟ್ಟ ಕೋಲಿಗೂ ನೆರಳು ಬೀಳುವುದಿಲ್ಲ. ತುಮಕೂರಿನಲ್ಲಿ ಈ ನಡುಹಗಲು ಗಡಿಯಾರದ 12 ಗಂಟೆಗೆ ಬರುವುದಿಲ್ಲ, ಸುಮಾರು 12.20ಕ್ಕೆ ಬರುತ್ತದೆ. ಗಾಳಿಯ ಬಿಸಿಯಾದರೋ ಅದಾದ ಮೇಲೂ ಏರುತ್ತ ಹೋಗಿ, ಎರಡೂವರೆ ಮೂರು ಗಂಟೆಯ ಹೊತ್ತಿಗೆ ತುದಿ ಮುಟ್ಟುತ್ತದೆ.

ಆದ್ದರಿಂದ ಹಳ್ಳವು ಯಾವ ದಿಕ್ಕಿಗೆ ಸಾಗುತ್ತದೆ ಎಂಬುದನ್ನು ನಕ್ಷೆಯಲ್ಲಿ ಮೊದಲೇ ನೋಡಿಕೊಳ್ಳಬೇಕು. ಉತ್ತರ ದಕ್ಷಿಣವಾಗಿ ಸಾಗುವ ಹಳ್ಳದಲ್ಲಿ ಬೆಳಗಿನ ಹೊತ್ತು ಪೂರ್ವದ ಗೋಡೆಯ ಬುಡದಲ್ಲಿಯೂ, ಸಂಜೆಗೆ ಪಶ್ಚಿಮದ ಗೋಡೆಯ ಬುಡದಲ್ಲಿಯೂ ಧಾರಾಳವಾಗಿ ನೆರಳಿರುತ್ತದೆ. ಬೆತ್ತಲೆಯಾಗುವುದು ನಡುವಿನ ಮೂರು ನಾಲ್ಕು ಗಂಟೆಗಳು ಮಾತ್ರ. ಪೂರ್ವ ಪಶ್ಚಿಮವಾಗಿ ಸಾಗುವ ಹಳ್ಳದಲ್ಲಿ ಸೂರ್ಯನು ಹಳ್ಳದ ಉದ್ದಕ್ಕೂ ಸಂಚರಿಸುವುದರಿಂದ ಗೋಡೆ ಎಷ್ಟೇ ಎತ್ತರವಿದ್ದರೂ ಹಗಲೆಲ್ಲ ನೆರಳಿಗೆ ಬರವೇ. ಅಂತಹ ಹಳ್ಳವನ್ನು ಬೇಸಿಗೆಯಲ್ಲಿ ಕೈಬಿಟ್ಟು ಬೇರೊಂದನ್ನು ಆರಿಸಿಕೊಳ್ಳುವುದು ಒಳ್ಳೆಯದು.

ಎತ್ತರದ ತಂಪನ್ನೂ ಹೆಚ್ಚು ನಂಬಬಾರದು. ತುಮಕೂರು ನಗರವು ಸಮುದ್ರಮಟ್ಟದಿಂದ ಸುಮಾರು 820 ಮೀಟರ್ ಎತ್ತರದಲ್ಲಿದ್ದರೆ ದೇವರಾಯನದುರ್ಗದ ನೆತ್ತಿ ಸುಮಾರು 1,200 ಮೀಟರ್ ಎತ್ತರದಲ್ಲಿದೆ. ಈ ಅಂತರಕ್ಕೆ ಎರಡು ಎರಡೂವರೆ ಡಿಗ್ರಿಯಷ್ಟು ತಂಪು ದೊರೆಯಬಹುದು, ಆದರೆ ಅದು ಗಾಳಿಯಾಡುವ ನೆತ್ತಿಯ ಮೇಲಿನ ಮಾತು. ಹಳ್ಳದ ತಳದಲ್ಲಿ ಗಾಳಿ ನಿಂತಿರುತ್ತದೆ, ಬಿಸಿಲುಂಡ ಗ್ರಾನೈಟ್ ಬಂಡೆಗಳು ಮೂರೂ ಕಡೆಯಿಂದ ಕಾವು ಉಗುಳುತ್ತಿರುತ್ತವೆ ಮತ್ತು ಸೂರ್ಯ ಮರೆಯಾದ ಮೇಲೂ ಬಹಳ ಹೊತ್ತು ಆ ಕಾವು ಆರುವುದಿಲ್ಲ.

ಕೆಳಗಿನಿಂದ ಮೇಲಕ್ಕೆ

ಬೆಟ್ಟದ ಮೇಲಿನವರೆಗೂ ರಸ್ತೆ ಇರುವ ಕಡೆಗಳಲ್ಲಿ ವಾಹನವನ್ನು ಮೇಲೆ ನಿಲ್ಲಿಸಿ ಹಳ್ಳಕ್ಕೆ ಇಳಿಯುವ ಆಸೆಯಾಗುತ್ತದೆ. ಬೇಸಿಗೆಯಲ್ಲಿ ಇದನ್ನು ಮಾಡಲೇಬಾರದು. ಇಳಿಯುವಾಗ ದೇಹಕ್ಕೆ ಶ್ರಮ ತಿಳಿಯುವುದಿಲ್ಲ, ಅಂದಾಜಿಗಿಂತ ದೂರ ಹೋಗಿಬಿಡುತ್ತೇವೆ, ನೀರು ಮುಗಿಯುತ್ತ ಬಂದಾಗ ಕಾದ ಬಂಡೆಗಳ ಮೇಲೆ ಏರುವ ಕೆಲಸ ಬಾಕಿ ಉಳಿದಿರುತ್ತದೆ. ಬುಡದ ಹಳ್ಳಿಯಿಂದ ಹೊರಟು ತಂಪು ಹೊತ್ತಿನಲ್ಲಿ ಏರಿ, ಸಂಜೆ ಇಳಿದು ಬರುವುದು ಕ್ರಮ.

ಏಪ್ರಿಲ್ ಕೊನೆಯಲ್ಲಿ ಸೂರ್ಯೋದಯ ಸುಮಾರು 6 ಗಂಟೆಗೆ ಆಗುತ್ತದೆ. ಬೆಳಕು ಚೆನ್ನಾಗಿ ಹರಿದ ಮೇಲೆ ಹಳ್ಳದೊಳಗೆ ಕಾಲಿಡಬೇಕು. ನಸುಕಿನಲ್ಲಿ ಹೊರಟು ಒಂದು ಗಂಟೆ ಉಳಿಸುತ್ತೇನೆಂದರೆ ಕರಡಿಯು ಗವಿಗೆ ಮರಳುವ ಹೊತ್ತಿಗೆ ಅದರ ದಾರಿಯಲ್ಲಿ ನೀವಿರುತ್ತೀರಿ. 10 ಗಂಟೆಗೆ, ಹೆಚ್ಚೆಂದರೆ ಹತ್ತೂವರೆಗೆ ನಡಿಗೆ ನಿಲ್ಲಬೇಕು. ಗುಂಡುಗಳನ್ನು ಹತ್ತಿ ಇಳಿಯುತ್ತ ಸಾಗುವ ದಾರಿಯಲ್ಲಿ ಚೀಲ ಹೊತ್ತವರಿಗೆ ಗಂಟೆಗೆ ಒಂದು ಕಿಲೋಮೀಟರ್ ಸಾಗಿದರೆ ಅದೇ ಒಳ್ಳೆಯ ವೇಗ. ಹಾಗಾದರೆ ಬೆಳಗಿನ ನಾಲ್ಕು ಗಂಟೆಗಳಲ್ಲಿ ಮೂರೂವರೆ ನಾಲ್ಕು ಕಿಲೋಮೀಟರ್ ಮಾತ್ರ ಆಗುತ್ತದೆ. ಮಧ್ಯಾಹ್ನ ಮೂರೂವರೆಯವರೆಗೆ ತಂಗಿ, ಐದೂಮುಕ್ಕಾಲು ಆರರ ಒಳಗೆ ಹೊರಬೀಳಬೇಕು. ಇಳಿಯುವಾಗ ಹೊಸ ದಾರಿ ಹುಡುಕುವ ಕೆಲಸವಿಲ್ಲದ್ದರಿಂದ ಅಷ್ಟು ಹೊತ್ತು ಸಾಕಾಗುತ್ತದೆ. ನಕ್ಷೆಯಲ್ಲಿ ಹಳ್ಳ ಎಷ್ಟೇ ಉದ್ದವಿರಲಿ, ನಿಮ್ಮ ತುದಿ ಈ ಲೆಕ್ಕದೊಳಗೆ ಇರಬೇಕು.

ಮಧ್ಯಾಹ್ನದ ತಂಗುವ ಜಾಗ

ಈ ಜಾಗವನ್ನು ಆರಿಸುವುದೇ ದಿನದ ಮುಖ್ಯ ಕೆಲಸ. ಸಾಧ್ಯವಾದರೆ ಜನವರಿ ಅಥವಾ ಫೆಬ್ರವರಿಯಲ್ಲಿಯೇ ಒಮ್ಮೆ ಹೋಗಿ ನೋಡಿಕೊಂಡು ಬರುವುದು ಉತ್ತಮ. ಹಾಗೆ ಆಗದಿದ್ದರೆ ಏರುತ್ತ ಹೋಗುವಾಗಲೇ ಒಪ್ಪಬಹುದಾದ ಜಾಗಗಳನ್ನು ಗುರುತಿಸಿಕೊಳ್ಳುತ್ತ ಸಾಗಬೇಕು. ಮುಂದೆ ಇನ್ನೂ ಒಳ್ಳೆಯದು ಸಿಕ್ಕೀತು ಎಂಬ ಆಸೆಗೆ ಒಂಬತ್ತೂವರೆಯ ನಂತರ ಬೆಲೆ ಕೊಡಬಾರದು. ಹಿಂದೆ ಬಿಟ್ಟು ಬಂದ ಜಾಗಕ್ಕೆ ಮರಳುವುದೇ ವಿವೇಕ.

ಮೊದಲನೆಯದಾಗಿ ನೆರಳು. ಸೂರ್ಯ ನೆತ್ತಿಯ ಮೇಲಿರುವಾಗ ನೆರಳು ಕೊಡುವುದು ಮುಂಚಾಚಿದ ಬಂಡೆ ಅಥವಾ ಎಲೆ ತುಂಬಿದ ಮರ ಮಾತ್ರ. ನಮ್ಮ ಬೆಟ್ಟಗಳ ಹೆಚ್ಚಿನ ಮರಗಳು ಮಾರ್ಚ್ ಹೊತ್ತಿಗೆ ಎಲೆ ಉದುರಿಸಿ ನಿಂತಿರುತ್ತವೆ. ಹಳ್ಳದ ಅಂಚಿನ ಹೊಂಗೆ, ಹೊಳೆಮತ್ತಿ, ನೇರಳೆ, ಆಲಗಳು ಆಗಲೂ ಹಸುರಾಗಿರುತ್ತವೆ. ಹೊಂಗೆಯಂತೂ ಆ ಕಾಲಕ್ಕೇ ಹೊಸ ಚಿಗುರು ಹೊತ್ತು ದಟ್ಟವಾಗಿರುತ್ತದೆ ಮತ್ತು ಅದರ ನೆರಳಿನ ತಂಪಿಗೆ ಸಾಟಿಯಿಲ್ಲ ಎಂಬುದನ್ನು ನಮ್ಮ ಕಡೆಯ ರೈತರಿಗೆ ಹೇಳಿಕೊಡಬೇಕಾಗಿಲ್ಲ. ಬಂಡೆಯ ಆಸರೆಯಾದರೆ, ಕುಳಿತುಕೊಳ್ಳುವ ಮುನ್ನ ಅಂಗೈಯ ಹಿಂಬದಿಯನ್ನು ಬಂಡೆಗೆ ಒತ್ತಿ ನೋಡಬೇಕು. ಬೆಳಿಗ್ಗೆ ಹತ್ತು ಗಂಟೆಗೇ ಬೆಚ್ಚಗಿದ್ದರೆ ಆ ಬಂಡೆಗೆ ಆಗಲೇ ಬಿಸಿಲು ತಾಗಿದೆ ಎಂದರ್ಥ. ಮಧ್ಯಾಹ್ನ ಅಲ್ಲಿ ಕೂರಲಾಗುವುದಿಲ್ಲ.

ಎರಡನೆಯದಾಗಿ ತಲೆಯೆತ್ತಿ ನೋಡಬೇಕು. ಮನುಷ್ಯನಿಗೆ ಇಷ್ಟವಾಗುವ ಮುಂಚಾಚಿದ ಬಂಡೆಯೇ ಹೆಜ್ಜೇನಿಗೂ ಇಷ್ಟ. ಅರ್ಧಚಂದ್ರಾಕಾರದಲ್ಲಿ ಕಪ್ಪಗೆ ಜೋತುಬಿದ್ದ ಹುಟ್ಟಿಯ ಮೈಮೇಲೆ ನೊಣಗಳು ಅಲೆಯಂತೆ ಮಿಸುಕುತ್ತಿರುವುದು ಕಂಡರೆ, ಮಾತು ನಿಲ್ಲಿಸಿ ಬಂದ ದಾರಿಯಲ್ಲೇ ಹಿಂದಕ್ಕೆ ಸರಿಯಬೇಕು. ಸೆಂಟು, ಘಾಟಿನ ಎಣ್ಣೆ, ಹೊಗೆ ಇವು ಯಾವುವೂ ಹಳ್ಳದೊಳಗೆ ಬೇಡ. ಹೆಜ್ಜೇನು ಎದ್ದವೆಂದರೆ ಟವಲಿನಿಂದ ತಲೆ ಮತ್ತು ಮುಖ ಮುಚ್ಚಿಕೊಂಡು ಸಾಧ್ಯವಾದಷ್ಟು ದೂರ ಓಡುವುದೊಂದೇ ಉಪಾಯ. ಬಡಿಯುತ್ತ ನಿಂತರೆ ಹೆಚ್ಚು ಹುಳುಗಳು ಬರುತ್ತವೆ.

ಮೂರನೆಯದಾಗಿ ಗವಿ. ಗುಂಡುಗಳ ನಡುವಿನ ಕತ್ತಲೆಯ ಸಂದು ತಂಪಾಗಿರುತ್ತದೆ ನಿಜ, ಆದರೆ ಹಗಲು ಹೊತ್ತಿನಲ್ಲಿ ಕರಡಿ ಮಲಗುವುದು ಅಲ್ಲಿಯೇ. ಒಡೆದ ಹುತ್ತ, ಉಗುರಿನಿಂದ ಕೆದರಿದ ಮಣ್ಣು, ಹಣ್ಣಿನ ಬೀಜಗಳಿರುವ ಲದ್ದಿ, ಮುಗ್ಗಲು ವಾಸನೆ ಇವುಗಳಲ್ಲಿ ಒಂದು ಕಂಡರೂ ಆ ಜಾಗ ನಿಮ್ಮದಲ್ಲ. ತಿರುವುಗಳಲ್ಲಿ ಗಟ್ಟಿಯಾಗಿ ಮಾತಾಡುತ್ತ ಸಾಗುವುದರಿಂದ ಪ್ರಾಣಿಗೆ ಸರಿದುಹೋಗಲು ಅವಕಾಶ ಸಿಗುತ್ತದೆ. ನಮ್ಮ ಜಿಲ್ಲೆಯಲ್ಲಿ ಕರಡಿ ದಾಳಿಯ ಸುದ್ದಿಗಳು ಅಪರೂಪವಲ್ಲ, ಮತ್ತು ಹತ್ತಿರದಿಂದ ಬೆಚ್ಚಿಬಿದ್ದ ಕರಡಿ ಚಿರತೆಗಿಂತ ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ.

ನಾಲ್ಕನೆಯದು, ಹೆಚ್ಚಿನವರು ಮರೆಯುವ ಸಂಗತಿ. ತಂಗುವ ಜಾಗವು ಹಳ್ಳದ ತಳದಲ್ಲಿರಬಾರದು. ಅಶ್ವಿನಿ ಮಳೆಯಿಂದ ಮೊದಲುಗೊಂಡು ಭರಣಿ, ಕೃತ್ತಿಕೆಗಳವರೆಗೆ ನಮ್ಮ ಕಡೆ ಬೀಳುವ ಮಳೆಯು ಬಹುತೇಕ ಮಧ್ಯಾಹ್ನದ ನಂತರ, ಗುಡುಗು ಗಾಳಿಗಳೊಂದಿಗೆ, ಒಂದೇ ಗುಡ್ಡದ ಮೇಲೆ ಸುರಿದು ಪಕ್ಕದ ಊರನ್ನು ಒಣಗಿಸಿಯೇ ಬಿಡುವ ಜಾತಿಯದು. ನಿಮ್ಮ ತಲೆಯ ಮೇಲೆ ಬಿಸಿಲಿರುವಾಗಲೇ ಮೇಲ್ಗಡೆ ಮಳೆ ಬಿದ್ದಿರಬಹುದು. ಬರಿ ಅರೆಬಂಡೆಯ ಮೇಲೆ ಬಿದ್ದ ನೀರು ಇಂಗುವುದಿಲ್ಲ, ಹಾಗಾಗಿ ಅದು ಸ್ವಲ್ಪ ಹೊತ್ತಿನಲ್ಲೇ ಹಳ್ಳಕ್ಕೆ ನುಗ್ಗುತ್ತದೆ. ಲಕ್ಕಿ ಗಿಡಗಳ ಕೊಂಬೆಗಳಲ್ಲಿ, ಗೋಡೆಯ ಬಿರುಕುಗಳಲ್ಲಿ ಸಿಕ್ಕಿಕೊಂಡ ಕಸಕಡ್ಡಿ, ಒಣಹುಲ್ಲು, ಪ್ಲಾಸ್ಟಿಕ್ಕನ್ನು ಗಮನಿಸಿದರೆ ಹಿಂದಿನ ನೀರು ಎಷ್ಟು ಎತ್ತರಕ್ಕೆ ಬಂದಿತ್ತು ಎಂಬುದು ತಿಳಿಯುತ್ತದೆ. ಅದಕ್ಕಿಂತ ಒಂದು ಆಳೆತ್ತರ ಮೇಲೆ ಕುಳಿತುಕೊಳ್ಳಬೇಕು, ಮತ್ತು ಅಲ್ಲಿಂದ ಹಳ್ಳಕ್ಕೆ ಇಳಿಯದೆಯೇ ದಿಣ್ಣೆಯ ಮೇಲೆ ಹೋಗಬಹುದಾದ ಒಂದು ದಾರಿಯನ್ನು ಬೆಳಿಗ್ಗೆಯೇ ನೋಡಿಟ್ಟುಕೊಳ್ಳಬೇಕು.

ಮೂರೂವರೆಗೆ ಹೊರಡುವ ಹೊತ್ತಿಗೆ ಮೇಲ್ಗಡೆ ಮೋಡ ಕಟ್ಟಿದ್ದರೆ ಹಳ್ಳದೊಳಗೆ ಇಳಿಯದೆ ಆ ಬದಲಿ ದಾರಿಯಲ್ಲಿ ಸಾಗಬೇಕು. ಈಗಾಗಲೇ ಹಳ್ಳದಲ್ಲಿದ್ದು, ತಣ್ಣನೆಯ ಗಾಳಿಯೊಂದಿಗೆ ಮಣ್ಣಿನ ವಾಸನೆ ಬಂದರೆ, ನಿಂತ ನೀರು ಇದ್ದಕ್ಕಿದ್ದಂತೆ ಕದಡಿ ತರಗೆಲೆ ತೇಲಿ ಬಂದರೆ, ಅಥವಾ ಲಾರಿ ಬರುವಂತಹ ಸದ್ದು ಕೇಳಿದರೆ, ಚೀಲವನ್ನು ಬಿಟ್ಟಾದರೂ ಪಕ್ಕಕ್ಕೆ ಏರಬೇಕು, ಕೆಳಮುಖವಾಗಿ ಓಡಬಾರದು. ಸಿಡಿಲಿನ ಹೊತ್ತಿನಲ್ಲಿ ಒಂಟಿ ಮರ, ಬೋಳು ನೆತ್ತಿ ಮತ್ತು ಗವಿಯ ಬಾಯಿ ಮೂರನ್ನೂ ಬಿಟ್ಟು, ಮಟ್ಟಸವಾದ ಪೊದೆಗಳ ನಡುವೆ ಒಬ್ಬರಿಂದ ಒಬ್ಬರು ದೂರ ದೂರ ಕುಕ್ಕರಗಾಲಲ್ಲಿ ಕೂರುವುದು ಇದ್ದುದರಲ್ಲಿ ಲೇಸು.

ನೀರು

ಬಿಸಿಲಿನಲ್ಲಿ ಚೀಲ ಹೊತ್ತು ಏರುವವರ ದೇಹದಿಂದ ಗಂಟೆಗೆ ಒಂದು ಲೀಟರಿನಷ್ಟು ಬೆವರು ಹೋಗಬಹುದು. ಒಬ್ಬರಿಗೆ 6 ಲೀಟರ್ ಎಂದು ಹೊರಡಬೇಕು. ಬೆಳಗಿನ ಏರಿಕೆಗೆ 2 ಲೀಟರ್, ತಂಗಿದಾಗ ಒಂದೂವರೆ, ಇಳಿಯುವಾಗ ಒಂದೂವರೆ, ಉಳಿದ 1 ಲೀಟರ್ ಆಪತ್ತಿಗೆ. ಹತ್ತು ಗಂಟೆಗೆ ಮೊದಲೇ ಎರಡೂವರೆ ಲೀಟರ್ ಖಾಲಿಯಾಗಿದ್ದರೆ ತುದಿಯ ಆಸೆ ಬಿಟ್ಟು, ಹತ್ತಿರದ ನೆರಳಿನಲ್ಲಿ ತಂಗಿ ಮರಳಬೇಕು. ಹೊರಡುವ ಮುನ್ನ ಹಳ್ಳಿಯಲ್ಲೇ ಅರ್ಧ ಲೀಟರ್ ಕುಡಿದಿರಬೇಕು. 6 ಲೀಟರ್ ಎಂದರೆ 6 ಕಿಲೋ. ಉಳಿದ ಸಾಮಾನು 3 ಕಿಲೋ ಮೀರದಂತೆ ನೋಡಿಕೊಂಡರೆ ಚೀಲವು ಸುಮಾರು 9 ಕಿಲೋ ಆಗುತ್ತದೆ. ನೀರಿನ ಸೀಸೆಗಳನ್ನು ಬೆನ್ನಿಗೆ ತಾಗುವಂತೆ, ಸೊಂಟಕ್ಕಿಂತ ತುಸು ಮೇಲೆ ಇರಿಸಿದರೆ ಗುಂಡಿನಿಂದ ಗುಂಡಿಗೆ ಕಾಲಿಡುವಾಗ ಭಾರ ವಾಲುವುದಿಲ್ಲ. ಒಂದೇ ದೊಡ್ಡ ಕ್ಯಾನಿಗಿಂತ ಒಂದು ಲೀಟರಿನ ಸೀಸೆಗಳು ಮೇಲು. ಒಂದು ಒಡೆದರೂ ಉಳಿದವು ಇರುತ್ತವೆ, ಮತ್ತು ಎಷ್ಟು ಖರ್ಚಾಯಿತು ಎಂಬುದು ಕಣ್ಣಿಗೇ ಕಾಣುತ್ತದೆ.

ಬರಿ ನೀರನ್ನೇ ಕುಡಿಯುತ್ತ ಹೋದರೆ ಬೆವರಿನಲ್ಲಿ ಹೋದ ಉಪ್ಪು ಮರಳುವುದಿಲ್ಲ. ತಲೆನೋವು, ಓಕರಿಕೆ ಶುರುವಾಗಿ, ಅದನ್ನು ನೀರಡಿಕೆಯೆಂದು ತಿಳಿದು ಇನ್ನಷ್ಟು ನೀರು ಕುಡಿಯುವ ಅಪಾಯವಿದೆ. ಒಂದು ಲೀಟರ್ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿದ ಒಂದು ಸೀಸೆ ಇರಲಿ. ಒಆರ್‌ಎಸ್ ಪೊಟ್ಟಣವೂ ಆಗುತ್ತದೆ. ಬೆಳಿಗ್ಗೆ ರಾಗಿ ಅಂಬಲಿಗೆ ಮಜ್ಜಿಗೆ ಮತ್ತು ಉಪ್ಪು ಬೆರೆಸಿ ಕುಡಿದು ಹೊರಟರೆ ಅರ್ಧ ಕೆಲಸ ಅಲ್ಲಿಯೇ ಮುಗಿದಿರುತ್ತದೆ. ಮಧ್ಯಾಹ್ನಕ್ಕೆ ಮೊಸರನ್ನ ಒಯ್ಯುವವರು ಅನ್ನಕ್ಕೆ ಹಾಲನ್ನೇ ಹೆಚ್ಚಾಗಿ ಹಾಕಿ, ಒಂದೆರಡು ಚಮಚ ಮೊಸರನ್ನು ಹೆಪ್ಪಿನಂತೆ ಕಲಸಬೇಕು. ಚೀಲದ ಬಿಸಿಗೆ ಅದು ಹನ್ನೊಂದರ ಹೊತ್ತಿಗೆ ಹದವಾಗಿ ಹುಳಿಯಾಗುತ್ತದೆ. ಬೆಳಿಗ್ಗೆಯೇ ಪೂರ್ತಿ ಮೊಸರು ಕಲಸಿದರೆ ಬಾಯಿಗಿಡಲಾಗದಷ್ಟು ಹುಳಿ. ಹುರಿಹಿಟ್ಟಿಗೆ ಬೆಲ್ಲ ಮತ್ತು ನೀರು ಸೇರಿಸಿದರೆ ಬೆಂಕಿಯಿಲ್ಲದ ಊಟ. ಸೌತೆಕಾಯಿ, ಹುರಿದ ಕಡಲೆಕಾಯಿ ಬೀಜ ಮತ್ತು ಉಪ್ಪಿನಕಾಯಿ ಇದ್ದರೆ ಮತ್ತೇನೂ ಬೇಡ. ಮದ್ಯ ಕೂಡದು.

ಹಳ್ಳದಲ್ಲಿ ಸಿಗುವ ನೀರನ್ನು ಲೆಕ್ಕಕ್ಕೆ ಹಿಡಿದು ಕಡಿಮೆ ಒಯ್ಯಬಾರದು. ಬಂಡೆಯ ಕುಳಿಗಳಲ್ಲಿ ನೀರು ನಿಲ್ಲುವ ದೊಣೆಗಳು ಬೇಸಿಗೆಯಲ್ಲಿ ಒಂದು ವಾರದಲ್ಲಿ ಬತ್ತುತ್ತವೆ. ಕುರಿ ಮೇಯಿಸುವವರು ಸಿಕ್ಕರೆ, ‘ಅಣ್ಣ, ಮೇಲಿನ ದೊಣೇಲಿ ನೀರೈತಾ?’ ಎಂದು ಕೇಳಿದ ಮೇಲೆ, ಅದನ್ನು ಅವರು ಕಣ್ಣಾರೆ ನೋಡಿದ್ದು ಯಾವತ್ತು ಎಂದೂ ಕೇಳಬೇಕು. ಅನಿವಾರ್ಯವಾದರೆ, ಹಳ್ಳವು ಬಂಡೆಗೆ ಬಡಿದು ತಿರುಗುವ ಹೊರಮೂಲೆಯಲ್ಲಿ, ಸುತ್ತಲೂ ಹಸುರು ಉಳಿದಿರುವ ಕಡೆ ಮರಳನ್ನು ಮೊಳದುದ್ದ ತೋಡಿದರೆ ಒರತೆ ಸಿಗಬಹುದು. ಮಧುಗಿರಿ ಮತ್ತು ಪಾವಗಡದ ಕಡೆಯ ತಲಪರಿಗೆಗಳು, ಅಂದರೆ ಒರತೆಯ ಹೊಂಡಗಳು, ಹೀಗೆ ಜಿನುಗುವ ನೀರನ್ನೇ ನಂಬಿ ಊರುಗಳನ್ನು ಸಾಕಿದವು. ಮೊದಲು ಬಂದ ಕೆಸರು ನೀರನ್ನು ಮೊಗೆದು ಚೆಲ್ಲಿ, ತಿಳಿಯಾಗಲು ಬಿಟ್ಟು, ದಪ್ಪ ಬಟ್ಟೆಯಲ್ಲಿ ಸೋಸಿ, ಕ್ಲೋರಿನ್ ಮಾತ್ರೆ ಹಾಕಿ ಅರ್ಧ ಗಂಟೆ ಕಾದು ಕುಡಿಯಬೇಕು. ನಿಂತ ನೀರಿನಲ್ಲಿ ಇಲಿಜ್ವರದ ಸೋಂಕಿರಬಹುದಾದ್ದರಿಂದ ಕಾಲಿನಲ್ಲಿ ಗಾಯವಿದ್ದವರು ಇಳಿಯಬಾರದು. ನೀರು ತುಂಬಿಕೊಂಡ ಕೂಡಲೇ ಅಲ್ಲಿಂದ ಸರಿಯಬೇಕು. ಬೇಸಿಗೆಯಲ್ಲಿ ಉಳಿದ ಆ ಒಂದು ಹೊಂಡವನ್ನು ನಂಬಿ ಬದುಕುವ ಪ್ರಾಣಿಗಳು ನೀವು ಏಳುವುದನ್ನೇ ಕಾಯುತ್ತಿರುತ್ತವೆ.

ಮೈ ಮತ್ತು ಕೈಕಾಲು

ಸಡಿಲವಾದ, ತಿಳಿಬಣ್ಣದ, ತುಂಬುತೋಳಿನ ಹತ್ತಿ ಅಂಗಿ, ಉದ್ದ ಪ್ಯಾಂಟು, ಅಂಚಿರುವ ಟೋಪಿ, ಒಂದು ಹತ್ತಿ ಟವಲು ಸಾಕು. ಟವಲನ್ನು ಒದ್ದೆ ಮಾಡಿ ಕತ್ತಿಗೆ ಸುತ್ತಿಕೊಂಡರೆ ನಮ್ಮ ಒಣ ಹವೆಯಲ್ಲಿ ಅದು ಬೇಗ ಆರಿ ಮೈಯನ್ನು ತಂಪು ಮಾಡುತ್ತದೆ. ಗಟ್ಟಿ ರಬ್ಬರ್ ಅಟ್ಟೆಯ ಬೂಟು ಬೇಕು, ಹೊಸದು ಬೇಡ. ಕೈಯಲ್ಲೊಂದು ಬಿದಿರ ಕೋಲು ಇರಲಿ. ತರಗೆಲೆಯೊಳಗೆ ಕಾಲಿಡುವ ಮುನ್ನ ಕೋಲಿನಿಂದ ತಟ್ಟಬೇಕು, ಮತ್ತು ಗುಂಡು ಹತ್ತುವಾಗ ಕಣ್ಣಿಗೆ ಕಾಣದ ಅಂಚಿನ ಮೇಲೆ ಕೈ ಇಡಲೇಬಾರದು. ಕೊಳಕುಮಂಡಲ, ನಾಗರಹಾವು, ಚೇಳು ಎಲ್ಲವೂ ಬಿಸಿಲಿಗೆ ಹೆದರಿ ನೆರಳಿನ ಸಂದುಗಳನ್ನೇ ಹುಡುಕಿರುತ್ತವೆ. ಹಾವು ಕಚ್ಚಿದರೆ ಕೊಯ್ಯುವುದು, ಹೀರುವುದು, ಬಿಗಿದು ಕಟ್ಟುವುದು ಯಾವುದೂ ಬೇಡ. ಕಚ್ಚಿದ ಅಂಗವನ್ನು ಅಲುಗಾಡಿಸದೆ ಆಸ್ಪತ್ರೆಗೆ ಒಯ್ಯಬೇಕು.

ಬಿಸಿಲು ತಟ್ಟಿದ್ದನ್ನು ಗುರುತಿಸುವುದು ಜೊತೆಯವರ ಕೆಲಸ, ಏಕೆಂದರೆ ತಟ್ಟಿದವರಿಗೆ ಅದು ತಿಳಿಯುವುದಿಲ್ಲ. ಮೀನಖಂಡ ಹಿಡಿದುಕೊಳ್ಳುವುದು, ತಲೆನೋವು, ಓಕರಿಕೆ, ಜೋರು ಬೆವರು ಇಷ್ಟಿದ್ದರೆ ನೆರಳಿನಲ್ಲಿ ಮಲಗಿಸಿ, ಬಟ್ಟೆ ಸಡಿಲಿಸಿ, ಉಪ್ಪು ಸಕ್ಕರೆಯ ನೀರನ್ನು ಗುಟುಕು ಗುಟುಕಾಗಿ ಕೊಟ್ಟರೆ ಸುಧಾರಿಸುತ್ತದೆ. ಆ ದಿನ ಮುಂದೆ ಏರಬಾರದು. ಮಾತು ತೊದಲಿದರೆ, ಕೇಳಿದ್ದಕ್ಕೆ ಅಸಂಬದ್ಧವಾಗಿ ಉತ್ತರಿಸಿದರೆ, ನಡಿಗೆ ತಪ್ಪಿದರೆ, ಮೈ ಕೆಂಡದಂತೆ ಸುಡುತ್ತಿದ್ದರೆ ಅದು ಶಾಖಾಘಾತ. ಆಗ ದೇಹದ ಉಷ್ಣತೆ 40 ಡಿಗ್ರಿ ಸೆಲ್ಸಿಯಸ್ ಮೀರಿರುತ್ತದೆ ಮತ್ತು ನಿಮಿಷಗಳೇ ಮುಖ್ಯ. ಹೊತ್ತುಕೊಂಡು ಇಳಿಯುವ ಆತುರಕ್ಕಿಂತ ಮೊದಲು ಅಲ್ಲಿಯೇ ತಂಪು ಮಾಡಬೇಕು. ಆಪತ್ತಿನ ನೀರನ್ನೂ ಸೇರಿಸಿ ಇರುವ ನೀರನ್ನೆಲ್ಲ ಕತ್ತು, ಕಂಕುಳು, ತೊಡೆಸಂದಿ ಮತ್ತು ಎದೆಗೆ ಸುರಿದು ಟವಲಿನಿಂದ ಬಿಡದೆ ಗಾಳಿ ಹಾಕಬೇಕು. ಪ್ರಜ್ಞೆ ಸರಿಯಿಲ್ಲದವರ ಬಾಯಿಗೆ ನೀರು ಹಾಕಬಾರದು. ಜ್ವರದ ಮಾತ್ರೆ ಇದಕ್ಕೆ ಕೆಲಸ ಮಾಡುವುದಿಲ್ಲ.

ಹಳ್ಳದ ತಳದಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ದುರ್ಲಭ. 108 ಅಥವಾ 112ಕ್ಕೆ ಕರೆ ಮಾಡಬೇಕಾದರೆ ಬಯಲು ಬಂಡೆಯ ಮೇಲಕ್ಕೆ ಹತ್ತಬೇಕಾಗುತ್ತದೆ. ಈ ಕಾರಣಕ್ಕಾಗಿಯೇ ಗುಂಪಿನಲ್ಲಿ ನಾಲ್ವರಿಗಿಂತ ಕಡಿಮೆ ಇರಬಾರದು ಎಂದು ಹೇಳುವುದು: ಒಬ್ಬರು ರೋಗಿಯ ಬಳಿ ಉಳಿದರೆ ಇಬ್ಬರು ಜೊತೆಯಾಗಿ ಸಿಗ್ನಲ್ ಹುಡುಕಿಕೊಂಡು ಹೋಗಬಹುದು. ಬೆಳಿಗ್ಗೆ ಏರುವಾಗ ಎಲ್ಲೆಲ್ಲಿ ಸಿಗ್ನಲ್ ಬಂತು ಎಂಬುದನ್ನು ಗುರುತು ಹಾಕಿಕೊಂಡಿದ್ದರೆ ಈ ಇಬ್ಬರ ಕೆಲಸ ಹಗುರಾಗುತ್ತದೆ.

ಹೊರಬಂದ ಮೇಲೆ ಕಾಲುಸಂದು, ಕಂಕುಳು ಮತ್ತು ಕಿವಿಯ ಹಿಂದೆ ಉಣ್ಣೆಹುಳು ಕಚ್ಚಿಕೊಂಡಿದೆಯೇ ಎಂದು ನೋಡಿಕೊಳ್ಳಬೇಕು. ಮೂತ್ರದ ಬಣ್ಣ ತಿಳಿಯಾಗುವವರೆಗೆ ಮಜ್ಜಿಗೆ, ಎಳನೀರು, ನೀರು ಏನಾದರೂ ಕುಡಿಯುತ್ತಲೇ ಇರಬೇಕು. ಹಳ್ಳದ ನೀರು ಕುಡಿದವರಿಗೆ ಅಥವಾ ಹೊಂಡಕ್ಕೆ ಇಳಿದವರಿಗೆ ಮುಂದಿನ ಎರಡು ಮೂರು ವಾರಗಳೊಳಗೆ ಜ್ವರ ಬಂದರೆ, ವೈದ್ಯರಿಗೆ ಆ ವಿಷಯವನ್ನು ತಪ್ಪದೆ ತಿಳಿಸಬೇಕು. ಬುಡದ ಹಳ್ಳಿಯಲ್ಲಿ ಬೆಳಿಗ್ಗೆ ಯಾರಿಗೆ ಹೇಳಿ ಹೊರಟಿದ್ದಿರೋ ಆ ಮನೆಯವರಿಗೆ ಇಷ್ಟು ಜನ ಹೋದವರು ಇಷ್ಟೂ ಜನ ಬಂದೆವು ಎಂದು ಹೇಳಿಯೇ ವಾಹನ ಹತ್ತಬೇಕು. ಇಲ್ಲವಾದರೆ ಕತ್ತಲಾದ ಮೇಲೆ ಅವರು ಬ್ಯಾಟರಿ ಹಿಡಿದು ನಿಮ್ಮನ್ನು ಹುಡುಕಲು ಹಳ್ಳಕ್ಕೆ ಇಳಿಯುತ್ತಾರೆ.